ನೂರ ಹನ್ನೆರಡನೇ ಪುಟದ ದೇವರು

ನವದೆಹಲಿ
೭ ಜುಲೈ ೨೦೨೫

ಮಾನ್ಯ ಕೆಹಕಶಾನ್ ಮೇಡಂ ಅವರಿಗೆ,

ಕಾವೇರಮ್ಮನವರ ‘ಸೊಪ್ಪಿನ ಹೊತ್ತು’ ಆತ್ಮಕಥೆಯ ನಿಮ್ಮ ಇಂಗ್ಲಿಷ್ ಅನುವಾದ ಕಳೆದ ವಾರ ನನ್ನ ಮೇಜಿಗೆ ಬಂದಿದೆ. ಇಲ್ಲಿನ ಪ್ರಕಾಶನದಲ್ಲಿ ಕರಡು ತಿದ್ದುವವಳು ನಾನು. ಕಿವಿ ಸರಿಯಾಗಿ ಕೇಳಿಸದ ಕಾರಣ ಫೋನ್ ಬೇಡ, ಏನಿದ್ದರೂ ಕಾಗದದಲ್ಲೇ ಇರಲಿ ಎಂದು ನೀವು ಹೇಳಿದ್ದೀರಂತೆ. ನನಗೂ ಅದೇ ಅನುಕೂಲ. ನನ್ನ ಊರು ಮಾಗಡಿ. ಇಲ್ಲಿ ಕನ್ನಡದಲ್ಲಿ ಬರೆಯುವ ಸಂದರ್ಭ ಅಪರೂಪ.

ಅನುವಾದದಲ್ಲಿ ತಿದ್ದುವುದು ಕಡಿಮೆ. ಒಂದೇ ವಿಷಯಕ್ಕೆ ನಲವತ್ತೊಂದು ಕಡೆ ಗುರುತು ಹಾಕಿದ್ದೇನೆ. ಕಾವೇರಮ್ಮ ‘ದೇವರು’ ಎಂದು ಬರೆದಲ್ಲೆಲ್ಲ ನೀವು ಇಂಗ್ಲಿಷಿನ ‘ಗಾಡ್’ಗೆ ದೊಡ್ಡ ‘ಜಿ’ ಹಾಕಿದ್ದೀರಿ. ನಮ್ಮ ಪ್ರಕಾಶನದ ನಿಯಮ ಬೇರೆ. ಒಬ್ಬನೇ ದೇವರನ್ನು ನಂಬುವ ಮತಗಳ ದೇವರಿಗೆ ದೊಡ್ಡಕ್ಷರ. ಹಲವರಲ್ಲಿ ಒಬ್ಬರಾದ ದೇವರಿಗೆ, ಊರ ದೇವರಿಗೆ, ಮನೆದೇವರಿಗೆ ಚಿಕ್ಕಕ್ಷರ. ಮಾರಮ್ಮ ಎಂಬ ಹೆಸರಿಗೆ ದೊಡ್ಡದು ಸರಿ, ಆಕೆ ದೇವತೆ ಎನ್ನುವ ಮಾತಿಗೆ ಚಿಕ್ಕದು.

ಮುಖ್ಯವಾಗಿ ನೂರ ಹನ್ನೆರಡನೇ ಪುಟ ನೋಡಬೇಕು. ವಾಂತಿಭೇದಿಯಾಗಿ ಕಣ್ಣು ಮೇಲೆ ಮಾಡಿದ್ದ ಒಂದೂವರೆ ವರ್ಷದ ಮಗನನ್ನು ಎತ್ತಿನ ಗಾಡಿಯಲ್ಲಿ ಅಕ್ಕೂರಿನಿಂದ ಚನ್ನಪಟ್ಟಣಕ್ಕೆ ತರುವ ಭಾಗ ಅದು. ಕೊನೆಗೆ ಅವರು ಬರೆದಿರುವುದು ಮೂರೇ ಸಾಲು: “ದೇವರ ಮುಂದೆ ಒಂದು ಮಾತು ಕೊಟ್ಟೆ. ಮಗ ಉಳಿದ. ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ.” ಮೂರನೇ ಸಾಲನ್ನು ನೀವು ನೆನಪಿನ ಅರ್ಥದಲ್ಲಿ ತಂದಿರುವುದು ತುಂಬ ಚೆನ್ನಾಗಿದೆ. ಮೊದಲ ಸಾಲಿನಲ್ಲಿ ಮಾತ್ರ ಚಿಕ್ಕ ‘ಜಿ’ ಮಾಡಬೇಕಾಗುತ್ತದೆ.

ಒಪ್ಪಿಗೆ ತಿಳಿಸಿ.

ವಿಶ್ವಾಸದ
ಸೌಮ್ಯ


ಚನ್ನಪಟ್ಟಣ
೧೬ ಜುಲೈ ೨೦೨೫

ಸೌಮ್ಯ ಅವರಿಗೆ,

ಕಾಗದ ತಲುಪಿತು. ಒಪ್ಪಿಗೆ ಇಲ್ಲ.

ನಿಮ್ಮ ನಿಯಮವನ್ನು ಎರಡು ಸಲ ಓದಿದೆ. ಅದರ ಪ್ರಕಾರ ನನ್ನ ಮನೆಯಲ್ಲಿ ನೆನೆಯುವ ದೇವರಿಗೆ ದೊಡ್ಡಕ್ಷರ ಸಿಗುತ್ತದೆ. ಕಾವೇರಮ್ಮನ ಮನೆಯಲ್ಲಿ ನೆನೆಯುವ ದೇವರಿಗೆ ಸಿಗುವುದಿಲ್ಲ. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಕೂತು ಒಂದೇ ಆಸ್ಪತ್ರೆಗೆ ಹೋಗುವವರು. ಅನುವಾದಕಿಯಾಗಿ ನಾನು ಅವರ ಪುಸ್ತಕದಲ್ಲಿ ಕುಳಿತು ಅವರಿಗಿಂತ ಎತ್ತರದ ಪೀಠ ತೆಗೆದುಕೊಳ್ಳಲಾರೆ.

ಮೂವತ್ತೈದು ವರ್ಷ ಅಕ್ಕೂರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಸಂಜೆ ದೊಡ್ಡವರಿಗೆ ಅಕ್ಷರ ಹೇಳಿಕೊಡುತ್ತಿದ್ದಾಗ ಕಾವೇರಮ್ಮ ನನ್ನ ಮುಂದೆ ಕುಳಿತು ಕನ್ನಡ ಕಲಿತರು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಬಿಡುವಿನಲ್ಲಿ ಹದಿನಾಲ್ಕು ನೋಟುಪುಸ್ತಕ ತುಂಬಿಸಿದರು. ಅವರು ಬರೆದ ಲಿಪಿಯಲ್ಲಿ ಯಾವ ದೇವರೂ ದೊಡ್ಡವನಲ್ಲ, ಚಿಕ್ಕವನೂ ಅಲ್ಲ. ಆ ಸಮಾಧಾನ ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ಒಂದನ್ನು ಆರಿಸಲೇಬೇಕಾದರೆ ಎಲ್ಲಕ್ಕೂ ದೊಡ್ಡದು.

ಕೆಹಕಶಾನ್


ನವದೆಹಲಿ
೨೪ ಜುಲೈ ೨೦೨೫

ಮಾನ್ಯ ಮೇಡಂ,

ನಿಯಮ ನಾನು ಮಾಡಿದ್ದಲ್ಲ. ಆದರೂ ಅದರ ಪರವಾಗಿ ಒಂದು ಮಾತು ಹೇಳಬೇಕೆನಿಸಿದೆ.

ನಮ್ಮ ಅಜ್ಜಿಯ ಹೊಲದ ಬದುವಿನಲ್ಲಿ ಒಂದು ಕಲ್ಲು ಇತ್ತು. ಅಜ್ಜಿ ಅದರ ಜೊತೆ ಜಗಳವಾಡುತ್ತಿದ್ದಳು. “ಏನಮ್ಮಣ್ಣಿ, ಮೂರು ವಾರದಿಂದ ಕೇಳ್ತಾವ್ನಿ, ಕಿವಿ ಇಲ್ವಾ ನಿಂಗೆ? ಇವತ್ತು ಹೂವ ಇಲ್ಲ, ಹಂಗೇ ಕೂತ್ಕೊ” ಎಂದು ಬೈದು ಬರುತ್ತಿದ್ದಳು. ಮಾರನೇ ದಿನ ತಾನೇ ಹೋಗಿ ಎರಡು ಹೂವು ಇಡುತ್ತಿದ್ದಳು. ಆ ಕಲ್ಲಿಗೆ ದೊಡ್ಡ ‘ಜಿ’ ಹಾಕಿದರೆ ಅಜ್ಜಿ ಅದರ ಹತ್ತಿರ ಮಾತನಾಡುವುದನ್ನೇ ಬಿಡುತ್ತಿದ್ದಳು. ದೊಡ್ಡಕ್ಷರದವನು ಎತ್ತರದಲ್ಲಿ ಒಬ್ಬನೇ ಇರುತ್ತಾನೆ. ನಮ್ಮವರು ಬೇಲಿಯ ಪಕ್ಕದಲ್ಲಿ, ಮನೆಯವರ ಹಾಗೆ ಇರುತ್ತಾರೆ. ಚಿಕ್ಕಕ್ಷರ ಅವಮಾನ ಎಂದು ನೀವು ತಿಳಿದಿದ್ದೀರಿ. ನನಗೆ ಅದು ಹತ್ತಿರ ಅನ್ನಿಸುತ್ತದೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ದೇವರು ಒಬ್ಬನೇ ಎಂಬ ನಂಬಿಕೆಯಲ್ಲಿ ಬೆಳೆದವರಿಗೆ ಎಲ್ಲ ದೇವರುಗಳೂ ಆ ಒಬ್ಬನೇ ಆಗಿ ಕಾಣುವುದು ಸಹಜ. ಆದರೆ ಕಾವೇರಮ್ಮನಿಗೆ ಹಾಗೆ ಕಂಡಿದೆಯೇ?

ಅವರನ್ನೇ ಕೇಳಿ. ಆ ದಿನ ಮಾತು ಕೊಟ್ಟದ್ದು ಯಾವ ದೇವರ ಮುಂದೆ ಎಂದು ತಿಳಿದರೆ ಅಕ್ಷರ ತಾನಾಗಿಯೇ ತೀರ್ಮಾನವಾಗುತ್ತದೆ. ಆಗಸ್ಟ್ ೨೦ರೊಳಗೆ ಉತ್ತರ ಬೇಕು. ಆಮೇಲೆ ಪುಟಗಳು ಮುದ್ರಣಕ್ಕೆ ಹೋಗುತ್ತವೆ.

ಸೌಮ್ಯ


ಚನ್ನಪಟ್ಟಣ
೧ ಆಗಸ್ಟ್ ೨೦೨೫

ಸೌಮ್ಯ ಅವರಿಗೆ,

ನಿಮ್ಮ ಅಜ್ಜಿಯ ಮಾತು ಒಪ್ಪಿದೆ. ಮಾರಮ್ಮ, ಮುನೇಶ್ವರ, ಹುಳುಮನೆಯ ಗೋಡೆಗೆ ಕಾವೇರಮ್ಮ ಅರಿಸಿನದಲ್ಲಿ ಬರೆದು ಪೂಜಿಸುವ ದೇವರು, ಈ ನಲವತ್ತು ಕಡೆಯೂ ನೀವು ಹೇಳಿದ ಹಾಗೆ ಚಿಕ್ಕದು ಮಾಡಿ.

ನೂರ ಹನ್ನೆರಡನೇ ಪುಟ ಮುಟ್ಟಬೇಡಿ. ಕಾರಣ ನನ್ನ ನಂಬಿಕೆ ಅಲ್ಲ. ನೀವು ಅಂದುಕೊಂಡ ಹಾಗೆ ಸಹಜವಾದದ್ದು ಏನೂ ಇದರಲ್ಲಿಲ್ಲ.

ಸೋಮವಾರ ಅಕ್ಕೂರಿಗೆ ಹೋಗುತ್ತಿದ್ದೇನೆ. ಕೇಳುತ್ತೇನೆ.

ಕೆಹಕಶಾನ್


ಚನ್ನಪಟ್ಟಣ
೫ ಆಗಸ್ಟ್ ೨೦೨೫

ಸೌಮ್ಯ ಅವರಿಗೆ,

ನಿನ್ನೆ ಹೋಗಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹುಳಗಳು ನಾಲ್ಕನೇ ಜ್ವರದಲ್ಲಿದ್ದವು. ಮೇವು ಬಿಟ್ಟು, ತಲೆಯೆತ್ತಿಕೊಂಡು, ಪೊರೆ ಬಿಡಲು ಕಾಯುವ ದಿನ. ಆ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಕಾವೇರಮ್ಮನ ಸೊಸೆ ಭಾನುಪ್ರಿಯ ಹುಳುಮನೆಯ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು.

“ಮಿಸ್, ಅಲ್ಲೇ ನಿಂತ್ಕೊಳಿ. ಅತ್ತರ್ ಗಿತ್ತರ್ ಹಾಕ್ಕೊಂಡಿದೀರಾ?”

“ಇಲ್ಲಮ್ಮ, ಸೋಪು ಅಷ್ಟೇ.”

“ಸೋಪೂ ವಾಸ್ನೇನೇ ಕಣ್ರೀ.”

ನಾನು ಸುಣ್ಣ ಎರಚಿದ ಗೆರೆಯ ಆಚೆ ನಿಂತೆ. ಕಾವೇರಮ್ಮ ಒಳಗೆ ತಟ್ಟೆಗಳ ಪಕ್ಕದ ಮಣೆಯ ಮೇಲೆ ಕೂತಿದ್ದರು. ಮಂಡಿನೋವು, ಎದ್ದು ಬರಲಾಗುವುದಿಲ್ಲ. ಮಗ ದೇವರಾಜು ಅಂಗಳದಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ. ಪುಸ್ತಕದ ಒಂದೂವರೆ ವರ್ಷದ ಮಗು ಅವನೇ. ಈಗ ನಲವತ್ತೆಂಟು ವರ್ಷ, ಹಾಲಿನ ಡೇರಿಯ ಕಾರ್ಯದರ್ಶಿ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ.

ನನಗೆ ನನ್ನ ದನಿಯ ಅಳತೆ ಸಿಗುವುದಿಲ್ಲ. ಮೆಲ್ಲಗೆ ಕೇಳಿದೆ ಎಂದುಕೊಂಡೆ. ಬೀದಿಗೆಲ್ಲ ಕೇಳಿಸಿತು ಎಂದು ಭಾನುಪ್ರಿಯಳ ಮುಖ ನೋಡಿದಾಗ ತಿಳಿಯಿತು. “ಕಾವೇರಮ್ಮ, ಮಗನಿಗೆ ಹುಷಾರಿಲ್ಲದ ದಿನ ಮಾತು ಕೊಟ್ಟೆ ಅಂತ ಬರೆದಿದ್ದೀರಲ್ಲ, ಯಾವ ದೇವರಿಗೆ? ಇಂಗ್ಲಿಷಿನಲ್ಲಿ ಒಂದು ದೇವರಿಗೆ ದೊಡ್ಡಕ್ಷರ, ಇನ್ನೊಂದಕ್ಕೆ ಚಿಕ್ಕದು. ಅದಕ್ಕೆ ಕೇಳುತ್ತಿದ್ದೇನೆ.”

ಕಾವೇರಮ್ಮ ಮಗನ ಕಡೆ ನೋಡಿದರು. ಆಮೇಲೆ ಹುಳಗಳ ಕಡೆ ತಿರುಗಿ ಕುಳಿತರು. ದೇವರಾಜು ಹೊರೆ ಬಿಟ್ಟು ಬಂದ.

“ಯಾವ ಮಾತವ್ವ? ಏನ್ ಹೊತ್ಕೊಂಡಿದ್ದೆ ನನ್ ಮ್ಯಾಲೆ?”

ಅವರು ತುಟಿ ಬಿಚ್ಚಲಿಲ್ಲ. ಭಾನುಪ್ರಿಯ ಕಾಫಿ ತಂದುಕೊಟ್ಟಳು. ಕುಡಿದು ಬಸ್ಸಿಗೆ ಹೊರಟೆ. ಕನ್ನಡ ಪುಸ್ತಕ ಬಂದು ನಾಲ್ಕು ವರ್ಷವಾಯಿತು. ಮಗ ಅದನ್ನು ಓದಿಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಅವರು ಮಗನಿಗೆ ಹೆದರಿದರು ಎಂದು ನನ್ನ ಅಂದಾಜು. ಅವನ ಎದುರಿಗೆ ಹೇಳಲಾಗದ ಹೆಸರು ಅದು. ಹಾಗಾಗಿ ಅಕ್ಷರ ದೊಡ್ಡದೇ ಇರಲಿ. ಹೆಚ್ಚು ಕೇಳಬೇಡಿ.

ಕೆಹಕಶಾನ್


ನವದೆಹಲಿ
೧೪ ಆಗಸ್ಟ್ ೨೦೨೫

ಮಾನ್ಯ ಮೇಡಂ,

ಹೇಳಲಾಗದ ಹೆಸರು ಎಂದಿರಿ. ಆ ಹೆಸರು ನಿಮಗೆ ಗೊತ್ತಿದೆ ಎಂದು ನನಗೆ ಅನ್ನಿಸುತ್ತಿದೆ. ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಅಂದಾಜಿನ ಮೇಲೆ ಒಂದು ಅಕ್ಷರವನ್ನೂ ದೊಡ್ಡದು ಮಾಡಲು ನನ್ನ ಮೇಲಿನವರು ಒಪ್ಪುವುದಿಲ್ಲ. ಇನ್ನು ಆರು ದಿನ ಉಳಿದಿದೆ.

ಸೌಮ್ಯ


ನವದೆಹಲಿ
೯ ಸೆಪ್ಟೆಂಬರ್ ೨೦೨೫

ಮಾನ್ಯ ಮೇಡಂ,

ಉತ್ತರ ಬರಲಿಲ್ಲ. ಕಾಗದ ದಾರಿಯಲ್ಲಿ ಎಲ್ಲಾದರೂ ಉಳಿಯಿತೇ? ನೀವು ಆರೋಗ್ಯವೇ?

ಪುಟಗಳು ಮುಂದೆ ಹೋಗಿವೆ. ಎಲ್ಲವೂ ಸರಿಯಾಗಿದೆ, ಚಿಂತೆ ಬೇಡ.

ಸೌಮ್ಯ


ಚನ್ನಪಟ್ಟಣ
೨೭ ಸೆಪ್ಟೆಂಬರ್ ೨೦೨೫

ಸೌಮ್ಯ,

ಆರೋಗ್ಯಕ್ಕೆ ಏನೂ ಆಗಿಲ್ಲ. ಬರೆಯಲು ಕೂತು ಏಳುತ್ತಿದ್ದೆ, ಅಷ್ಟೇ. ಐದು ಸಲ ಶುರು ಮಾಡಿ ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಹೋಗಿ ಬಂದ ವಾರದಲ್ಲಿ ಆ ಮನೆಯ ಹುಳಗಳಿಗೆ ಸುಣ್ಣಕಟ್ಟು ರೋಗ ಬಂತು. ಹಣ್ಣಾಗಿ ಗೂಡು ಕಟ್ಟಬೇಕಾದ ಹುಳಗಳು ಬೆಳ್ಳಗೆ, ಸೀಮೆಸುಣ್ಣದ ಹಾಗೆ ಗಟ್ಟಿಯಾದವು. ಮಳೆಯ ಥಂಡಿಗೆ ಬರುವ ರೋಗ. ಅಕ್ಕೂರಿನಲ್ಲಿ ಇನ್ನೂ ಆರು ಮನೆಗಳಲ್ಲಿ ಬಂದಿತ್ತು. ದೇವರಾಜುವಿಗೆ ಮಾತ್ರ ತನ್ನ ಮನೆಯದ್ದು ಬೇರೆ ಎಂದು ಮನಸ್ಸಿಗೆ ಹತ್ತಿದೆ. ಅವ್ವ ಯಾವುದೋ ದೇವರ ಹರಕೆ ಉಳಿಸಿಕೊಂಡಿದ್ದಾಳೆ, ಅದು ಕೇಳುತ್ತಿದೆ ಎಂದು.

ಮೊನ್ನೆ ಗುರುವಾರ ಮಧ್ಯಾಹ್ನ ನನ್ನ ಮನೆಗೆ ಬಂದ. ಹಣೆಯ ಮೇಲೆ ಮೂರು ಬಗೆಯ ಕುಂಕುಮ, ಕೈಯಲ್ಲಿ ನಾಲ್ಕು ದಾರ. ತಲೆ ಬೋಳಿಸಿಕೊಂಡಿದ್ದ.

“ಎಲ್ಲೆಲ್ಲಿಗೆ ಹೋಗಿದ್ಯೋ?” ಎಂದೆ.

“ಎಲ್ಲಿಗ್ ಹೋಗಿಲ್ಲ ಅಂತ ಕೇಳಿ ಮಿಸ್. ನಮ್ಮೂರ್ ಮಾರಮ್ಮ ಆಯ್ತು. ಕೆಂಗಲ್ ಆಂಜನೇಯ ಆಯ್ತು. ಕಬ್ಬಾಳಮ್ಮನಿಗೆ ಮುಡಿ ಕೊಟ್ಟೆ. ಮಾಗಡಿ ರಂಗಪ್ಪನಿಗೆ ಕೊಡಕ್ಕೆ ಕೂದ್ಲೇ ಉಳೀಲಿಲ್ಲ, ತೆಂಗಿನ್ಕಾಯಿ ಒಡ್ದೆ. ರೇವಣಸಿದ್ದೇಶ್ವರ ಬೆಟ್ಟ ಹತ್ತಿ ಇಳ್ದೆ. ಮರಳವಾಡಿಲಿ ನಮ್ ತಂಗಿ ಕೊಟ್ಟಿರೋ ಮನೆ ಮುನೇಶ್ವರನಿಗೂ ಒಂದ್ ಪೂಜೆ. ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಣೇಶನ್ ಗುಡಿ ಐತಲ್ಲ, ಅಲ್ಗೂ ಹೋಗಿದ್ದೆ.”

“ನೀನು ಮಗುವಾಗಿದ್ದಾಗ ಆ ಏರಿಯಾನೇ ಇರಲಿಲ್ಲವಲ್ಲೋ.”

“ಇರ್ಲಿಲ್ಲ. ಆದ್ರೂ ದಾರೀಲಿತ್ತು, ಯಾಕ್ ಬಿಡ್ಬೇಕು ಅಂತ.” ಕುರ್ಚಿಯಲ್ಲಿ ಕೂರಲಿಲ್ಲ. ನನಗೆ ಕೇಳಿಸಲೆಂದು ಮುಖದ ಹತ್ತಿರ ಬಗ್ಗಿ ಹೇಳಿದ: “ಪ್ರತಿ ಕಡೆಯಿಂದ ಬಂದು ಅವ್ವನ್ ಕೇಳ್ತೀನಿ, ಇದೇನವ್ವ ಅಂತ. ಅವ್ವ ತಲೆ ಅಲ್ಲಾಡ್ಸಂಗೂ ಇಲ್ಲ, ಹೂಂ ಅನ್ನಂಗೂ ಇಲ್ಲ. ‘ಕೇಳ್ಬ್ಯಾಡ ಕಣ್ಲಾ’ ಅಂತಾಳೆ, ಅಷ್ಟೇಯ. ಈಗ ಊಟಾನೂ ಒಸಿ ಕಮ್ಮಿ ಮಾಡವ್ಳೆ. ಅವ್ಳಿಗೇನಾದ್ರೂ ಆಗೋಗ್ಬುಟ್ರೆ ನಾನ್ ಯಾವ್ ದೇವ್ರಂತ ಹುಡುಕ್ಲಿ ಮಿಸ್? ನೀವು ಇಂಗ್ಲೀಷಲ್ಲಿ ಏನಂತ ಹಾಕಿದೀರ? ದೊಡ್ ಜಿನಾ, ಚಿಕ್ ಜಿನಾ? ಅದ್ರಲ್ಲಿ ಗೊತ್ತಾಗುತ್ತೆ ಅಂತ ನೀವೇ ಅವತ್ತು ಹೇಳುದ್ರಿ.”

“ಅದು ನನಗೂ ಗೊತ್ತಿಲ್ಲ ಕಣೋ” ಎಂದೆ. ಅವನು ನಕ್ಕ. ಸಂತೋಷದ ನಗು ಅಲ್ಲ. “ಏಳ್ನೇ ಕ್ಲಾಸಲ್ಲಿ ಗಾಡ್ ಅಂತ ಚಿಕ್ ಜಿಲಿ ಬರ್ದಿದ್ದಕ್ಕೆ ಕೈ ಮ್ಯಾಲೆ ಬಾರ್ಸಿದ್ರಿ. ಇನ್ನೂ ಗ್ಯಾಪ್ಕ ಐತೆ. ಈಗ ನೋಡುದ್ರೆ ನಿಮ್ಗೇ ಗೊತ್ತಿಲ್ಲ.”

ಗೊತ್ತಿಲ್ಲ ಎಂದೇ ಅವನನ್ನು ಕಳುಹಿಸಿದೆ. ಅದು ಸುಳ್ಳು. ನಿಮಗೂ ನಾನು ಹೇಳದೇ ಉಳಿಸಿದ್ದು ಇದನ್ನೇ.

ಮಗುವನ್ನು ಗಾಡಿಯಲ್ಲಿ ತಂದ ಆ ದಿನ ನಾನು ಅಲ್ಲಿದ್ದೆ. ನನಗೆ ಹದಿನಾಲ್ಕು ವರ್ಷ. ನಮ್ಮ ತಂದೆ ಬೊಂಬೆ ಕಡೆಯುವವರು. ಕಾವೇರಮ್ಮನ ಮಾವ ಮುನಿಶಾಮಯ್ಯ ಹಾಲೆಮರದ ತುಂಡುಗಳನ್ನು ಗಾಡಿಯಲ್ಲಿ ತಂದು ನಮಗೆ ಕೊಡುತ್ತಿದ್ದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಎತ್ತಿಗೆ ನೀರು ಕುಡಿಸಲು ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಪಕ್ಕದ ಕೋಣೆಯಲ್ಲಿ ಬಾಬಯ್ಯನ ಪಂಜಾ, ಲೋಹದ ಹಸ್ತ, ಇರಿಸುತ್ತಿದ್ದೆವು. ಮೊಹರಮ್ಮಿನಲ್ಲಿ ಅಕ್ಕೂರಿನವರೂ ಬಂದು ಸಕ್ಕರೆ ಓದಿಸಿಕೊಂಡು ಹೋಗುತ್ತಿದ್ದರು. ನನ್ನ ಅಮ್ಮ ಅಕ್ಬರಿ ಬೇಗಂ ಮಗುವಿನ ತುಟಿಗೆ ಉಪ್ಪು ಸಕ್ಕರೆ ಕಲಸಿದ ನೀರು ಹಾಕಿದರು. ಆಮೇಲೆ ಪಂಜಾದ ಮುಂದೆ ಇದ್ದ ಕೆಂಪು ದಾರ ತಂದು ಮಗುವಿನ ತೋಳಿಗೆ ಕಟ್ಟಿದರು. ಕಾವೇರಮ್ಮ ಆ ಬಾಗಿಲಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. ನಾನು ಕಂಡಿದ್ದೇನೆ.

ಆ ಕೋಣೆ ಈಗಿಲ್ಲ. ಬಾಬಯ್ಯನ ಹಬ್ಬಕ್ಕೆ ಅಕ್ಕೂರಿನಿಂದ ಯಾರೂ ಬರುವುದಿಲ್ಲ. ನಮ್ಮವರಲ್ಲೂ ಕೆಲವರು ಅದು ಸರಿಯಲ್ಲ ಎಂದು ಬಿಟ್ಟರು. ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ನೂರ ಹನ್ನೆರಡನೇ ಪುಟದ ಆ ಅಕ್ಷರ ಬಿಟ್ಟರೆ ಆ ಬಾಗಿಲು ಇತ್ತು ಎನ್ನಲು ಬೇರೆ ಗುರುತಿಲ್ಲ. ದೇವರಾಜುವಿಗೆ ಹೇಳಿದರೆ ಅವನು ಏನೆನ್ನುತ್ತಾನೋ, ಡೇರಿಯ ಮುಂದೆ ಕೂರುವವರು ಅವನಿಗೆ ಏನೆನ್ನುತ್ತಾರೋ. ಹೇಳದಿದ್ದರೆ ಕಾವೇರಮ್ಮ ಊಟ ಬಿಡುತ್ತಿದ್ದಾರೆ.

ಏನು ಮಾಡಲಿ ಎಂದು ನಿಮ್ಮನ್ನು ಕೇಳುವಷ್ಟು ನಮ್ಮ ಪರಿಚಯವಿಲ್ಲ. ಆದರೂ ಕೇಳುತ್ತಿದ್ದೇನೆ.

ಕೆಹಕಶಾನ್


ನವದೆಹಲಿ
೬ ಅಕ್ಟೋಬರ್ ೨೦೨೫

ಪ್ರೀತಿಯ ಮೇಡಂ,

ಎಲ್ಲವೂ ಸರಿಯಾಗಿದೆ ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆ. ಸರಿಯಾಗಿರಲಿಲ್ಲ. ಆಗಸ್ಟ್ ೨೧ರ ಬೆಳಿಗ್ಗೆ ನೂರ ಹನ್ನೆರಡನೇ ಪುಟದಲ್ಲಿ ನಾನೇ ಚಿಕ್ಕ ‘ಜಿ’ ಮಾಡಿ ಪುಟಗಳನ್ನು ಕಳುಹಿಸಿದ್ದೆ. ನಿಮಗೆ ಹೇಳಲಿಲ್ಲ. ಪುಸ್ತಕ ಕೈಗೆ ಬಂದ ಮೇಲೆ ನೀವು ನೋಡಿದರೂ ಆಗ ತಿದ್ದಲಾಗುವುದಿಲ್ಲ ಎಂದುಕೊಂಡಿದ್ದೆ.

ನಿಮ್ಮ ಕಾಗದ ಬಂದ ದಿನ ಮುದ್ರಣ ನಿಲ್ಲಿಸಲು ಕೇಳಿಕೊಂಡೆ. ಒಂದು ಅಕ್ಷರಕ್ಕಾಗಿಯೇ ಎಂದು ಮೂವರು ಕೇಳಿದರು. ಹೌದು ಎಂದೆ. ಬೈಸಿಕೊಂಡೆ. ನವೆಂಬರ್ ೩೦ರವರೆಗೆ ಆ ಒಂದು ಪುಟ ತೆರೆದಿದೆ. ಅದಕ್ಕಿಂತ ಆಚೆ ನನ್ನ ಕೈಯಲ್ಲಿಲ್ಲ.

ಇನ್ನೊಂದು. ಅಜ್ಜಿಯ ಕಲ್ಲಿನ ಬಗ್ಗೆ ಅಷ್ಟು ಜೋರಾಗಿ ಬರೆದಿದ್ದೆ. ಆ ದೇವರ ಹೆಸರು ನನಗೆ ಗೊತ್ತಿಲ್ಲ. ಅಜ್ಜಿ ಬದುಕಿದ್ದಾಗ ಕೇಳಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ದಸರೆಗೆ ಮಾಗಡಿಗೆ ಹೋದಾಗ ಬದುವಿನ ಹತ್ತಿರ ಹುಡುಕಿದೆ. ಕಲ್ಲು ಸಿಗಲಿಲ್ಲ. ಚಿಕ್ಕಪ್ಪನಿಗೂ ನೆನಪಿಲ್ಲ. ಹೆಸರೇ ಗೊತ್ತಿಲ್ಲದ ದೇವರ ಪರವಾಗಿ ನಿಮ್ಮ ಮೇಲೆ ನಿಯಮ ಹೇರಿದೆ. ನಿಮ್ಮ ನಂಬಿಕೆಯ ಮಾತು ಎತ್ತಿದ್ದಕ್ಕೆ ಕ್ಷಮೆ ಇರಲಿ.

ನನಗೆ ತೋಚಿದ್ದು ಇಷ್ಟು: ದೇವರಾಜು ಇಲ್ಲದ ಹೊತ್ತು ನೋಡಿ ಕಾವೇರಮ್ಮನ ಹತ್ತಿರ ಹೋಗಿ. ಆ ದಿನ ಕಂಡದ್ದನ್ನು ಅವರಿಗೇ ಹೇಳಿ. ಅಕ್ಷರ ದೊಡ್ಡದೆಂದು ಅವರು ಒಪ್ಪಿದರೆ ಆ ಕ್ಷಣವೇ ಬದಲಿಸುತ್ತೇನೆ.

ನಿಮ್ಮ
ಸೌಮ್ಯ


ಚನ್ನಪಟ್ಟಣ
೬ ನವೆಂಬರ್ ೨೦೨೫, ಗುರುವಾರ

ಪ್ರಿಯ ಸೌಮ್ಯ,

ನೀವು ಮಾಡಿದ್ದಕ್ಕೆ ಸಿಟ್ಟು ಬಂತು. ಎರಡು ದಿನ ಇತ್ತು. ಸುಳ್ಳು ಹೇಳಿದವರು ನಾವಿಬ್ಬರೂ, ಹೋಗಲಿ.

ಹೋದ ವಾರ ಬುಧವಾರ ಅಕ್ಕೂರಿಗೆ ಹೋದೆ. ಹೊಸ ಹುಳ ಇನ್ನೂ ತಂದಿರಲಿಲ್ಲ. ತೊಳೆದು ಸುಣ್ಣ ಬಳಿದ ಹುಳುಮನೆ ಖಾಲಿಯಿತ್ತು. ಬಾಗಿಲಲ್ಲಿ ತಡೆಯುವವರಿರಲಿಲ್ಲ. ಕಾವೇರಮ್ಮ ಅದೇ ಮಣೆಯ ಮೇಲೆ ಕೂತಿದ್ದರು. ದೇವರಾಜು ಡೇರಿಗೆ ಹೋಗಿದ್ದ. ನಾನು ಅವರ ಎದುರು ನೆಲದ ಮೇಲೆ ಕುಳಿತೆ, ತುಟಿ ಕಾಣಲೆಂದು. ಈ ಸಲ ನಿಜವಾಗಿಯೂ ಮೆಲ್ಲಗೆ ಹೇಳಿದೆನಂತೆ, ಭಾನುಪ್ರಿಯಳಿಗೆ ಕೇಳಿಸಲಿಲ್ಲವಂತೆ.

ನಮ್ಮ ಅಮ್ಮನ ಮನೆಯ ಬಾಗಿಲು, ಪಂಜಾ, ಕೆಂಪು ದಾರ, ಎಲ್ಲ ಹೇಳಿದೆ. “ಅಲ್ಲಿಯೇ ಅಲ್ಲವೇ ಮಾತು ಕೊಟ್ಟದ್ದು?” ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು.

“ನಿಮ್ಮವ್ವ ಬೂಬಮ್ಮ ಕಟ್ಟಿದ್ ದಾರ ಈಗ್ಲೂ ಐತೆ ಕಣವ್ವ, ಪೆಟ್ಟಿಗೇಲಿ. ಆ ನೀರು ಹಾಕ್ದೆ ಇದ್ದಿದ್ರೆ ಮಗ ಆಸ್ಪತ್ರೆ ಗಂಟ ಉಳೀತಿರ್ಲಿಲ್ಲ. ದಾರ ಕಟ್ಟಿದ್ ನೀನು ನೋಡ್ದೆ. ನಾನ್ ಮಾತ್ ಕೊಟ್ಟಿದ್ ನೋಡುದ್ಯಾ?”

“ಕಣ್ಣು ಮುಚ್ಚಿ ನಿಂತಿದ್ದಿರಿ.”

“ನಿಂತಿದ್ದೆ. ಗಾಡೀಲೂ ಕಣ್ ಮುಚ್ಚಿದ್ದೆ. ಆಸ್ಪತ್ರೆ ಮೆಟ್ಲಲ್ಲೂ ಮುಚ್ಚಿದ್ದೆ. ಅಲ್ಲಿ ಅಂತಾನೂ ಹೇಳಾಕಿಲ್ಲ, ಅಲ್ಲಲ್ಲ ಅಂತಾನೂ ಹೇಳಾಕಿಲ್ಲ. ಹರಕೆ ತೀರೋ ಗಂಟ ದೇವ್ರ ಹೆಸರು ಬಾಯಿಗೆ ಬರ್ಬಾರ್ದು. ನಮ್ಮತ್ತೆ ಮನೆ ಪದ್ಧತಿ.”

ಆಗ ನನಗೆ ಹೊಳೆಯಿತು, ಸೌಮ್ಯ. ಮೂರನೇ ಸಾಲು. ‘ಆ ಮಾತು ಇನ್ನೂ ನನ್ನ ಹತ್ತಿರವೇ ಇದೆ.’ ನಾನು ನೆನಪು ಎಂದು ಅನುವಾದಿಸಿದೆ, ನೀವು ಚೆನ್ನಾಗಿದೆ ಎಂದಿರಿ. ಅವರು ಬರೆದದ್ದು ಹರಕೆ ಇನ್ನೂ ತೀರಿಲ್ಲ ಎಂದು. ನಲವತ್ತಾರು ವರ್ಷದಿಂದ ಹೊತ್ತುಕೊಂಡಿದ್ದಾರೆ.

ಯಾಕೆ ತೀರಿಸಲಿಲ್ಲ ಎಂದೆ.

“ಮಗ ಉಳುದ್ರೆ ಅವ್ನ ಕಾಲ್ನಲ್ಲೇ ನಡುಸ್ಕೊಂಡು ಬತ್ತೀನಿ ಅಂದಿದ್ದೆ. ಯಾರಿಗೋಸ್ಕರ ಹೊತ್ಕೊಂಡಿದೀವೋ ಅವ್ರು ಎಲ್ಲಿಗೆ ಅಂತ ಕೇಳ್ದೆ ಬರ್ಬೇಕು. ಕೇಳುದ್ರೆ ತಿರುಗ್ಬೇಕು. ಐದ್ ವರ್ಷದೋನಾದಾಗ ಹೊರಟ್ವಿ, ಮೋರಿ ದಾಟಿರ್ಲಿಲ್ಲ, ‘ಎಲ್ಲಿಗವ್ವ?’ ಅಂದ. ವಾಪಸ್ ಬಂದೆ. ಹನ್ನೆರಡ್ ವರ್ಷಕ್ಕೆ ಮತ್ತೆ ಹೊರಟ್ವಿ, ಊರ ಬಾಗ್ಲಲ್ಲೇ ಕೇಳ್ಬುಟ್ಟ. ಮದ್ವೆ ಮಾರ್ನೇ ದಿನ ಹೊರಟೆ, ಸೊಸೇನೂ ಸೇರ್ಕೊಂಡ್ ಇಬ್ರೂ ಕೇಳುದ್ರು.” ಅವರು ನಕ್ಕರು. ಹಲ್ಲಿಲ್ಲದ ನಗು. “ಹುಟ್ಟಿದಾಗ್ನಿಂದ ಪ್ರಶ್ನೆ ಕೇಳೋ ಜಾತಿ ಕಣವ್ವ ಅವ್ನು. ಡೇರೀಲಿ ಹಾಲ್ ಹಾಕೋರ್ನೂ ಬಿಡಾಕಿಲ್ಲ. ಆಮ್ಯಾಕೆ ನನ್ ಮಂಡಿ ಹೋಯ್ತು. ಆವತ್ತು ನೀನು ಬಾಗ್ಲಲ್ಲಿ ನಿಂತು ಕೂಗ್ಬುಟ್ಟೆ. ಮೂರ್ ತಿಂಗ್ಳಿಂದ ದಿನಾ ಕೇಳ್ತಾವ್ನೆ. ಇನ್ನೆಲ್ ಹೊರಡ್ಲಿ?”

“ಕೇಳಬೇಡ ಎಂದು ಅವನಿಗೆ ಹೇಳಬಾರದಿತ್ತೇ?”

“ಕೇಳ್ಬ್ಯಾಡ ಅಂತೀನಿ. ಯಾಕೆ ಅಂತ ನಾನ್ ಹೇಳಂಗಿಲ್ಲ. ಹೊತ್ಕೊಂಡೋರು ಹೇಳ್ಬಾರ್ದು.”

“ನಾನು ಹೇಳಬಹುದೇ?”

 “ನಮ್ಮತ್ತೆ ಅದ್ನ ಹೇಳಿರ್ಲಿಲ್ಲ” ಎಂದರು. ಆಮೇಲೆ ಕೈ ಬಿಟ್ಟರು. ಹೋಗು ಎಂದ ಹಾಗಿತ್ತು.

ಡೇರಿಗೆ ನಡೆದು ಹೋದೆ. ಹಾಲು ಅಳೆಯುತ್ತಿದ್ದ ದೇವರಾಜುವನ್ನು ಹುಣಸೆಮರದ ಕೆಳಗೆ ಕರೆದು, ಎಲ್ಲಿಗೆ ಎಂದು ಕೇಳದೆ ನಡೆಯಬೇಕಾದ ಹರಕೆಯನ್ನು ಹೇಳಿದೆ. ಪಂಜಾ, ದಾರದ ವಿಷಯವನ್ನೂ ಹೇಳಿದೆ. ಮುಚ್ಚಿಟ್ಟು ಸಾಕಾಗಿತ್ತು. ಅವನು ತೋಳನ್ನು ಉಜ್ಜಿಕೊಂಡ, ಅಲ್ಲಿ ದಾರ ಇದೆಯೋ ಎಂಬಂತೆ.

“ಹಂಗಾರೆ ಎಲ್...” ಎಂದು ಶುರು ಮಾಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. “ಮಿಸ್, ಕೇಳ್ದೆ ಇರೋದು ಬೆಟ್ಟ ಹತ್ತಿದ್ದಕ್ಕಿಂತ ಕಷ್ಟ ಕಣ್ರೀ.”

“ಬಾಬಯ್ಯನ ಕಡೆಗೇ ಆದರೆ?”

“ಆದ್ರೆ ಏನು? ಆ ನೀರು ಕುಡ್ದೇ ತಾನೆ ಬದುಕಿರೋದು ನಾನು. ಕೇಳೋರಿಗೆ ನಾನೂ ಕೇಳಿಲ್ಲ ಅಂತೀನಿ, ಹೋಗ್ಲಿ.” ಡೇರಿಯ ಮುಂದೆ ನಿಲ್ಲಿಸಿದ್ದ ತನ್ನ ಟಿವಿಎಸ್ ಮೊಪೆಡ್ ಕಡೆ ನೋಡಿದ. “ಅವ್ವ ನಡ್ಯೋಕಾಗಲ್ಲ. ನಾನ್ ನಡೀಬೇಕು ಅಷ್ಟೇ ತಾನೆ? ಟಿವಿಎಸ್ ಮ್ಯಾಲೆ ಅವ್ವನ್ನ ಕೂರ್ಸಿ ತಳ್ಕೊಂಡು ಹೋಯ್ತೀನಿ. ಇಂಜಿನ್ ಹಾಕಲ್ಲ. ಕವಲು ಬಂದ್ ಕಡೆ ಅವ್ಳು ಕೈ ತೋರುಸ್ಲಿ.”

ಬರುವ ಸೋಮವಾರ, ಹತ್ತನೇ ತಾರೀಕು ಬೆಳಿಗ್ಗೆ ಹೊರಡುವುದೆಂದು ತೀರ್ಮಾನವಾಗಿದೆ. ಭಾನುಪ್ರಿಯ ನನ್ನನ್ನು ಕರೆದಳು. ನಾನು ಹೋಗುವುದಿಲ್ಲ. ನಿನ್ನೆ ಅವಳ ಮಗಳಿಂದ ಚೀಟಿ ಬಂತು: ಎಂಟು ದಿನದಿಂದ ದೇವರಾಜು ಮನೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿಲ್ಲವಂತೆ, ಸಾರಿಗೆ ಉಪ್ಪು ಹಾಕಿದೆಯೇ ಎಂದು ಕೂಡ. ಕಾವೇರಮ್ಮ ಎರಡು ಹೊತ್ತು ಊಟ ಮಾಡುತ್ತಿದ್ದಾರೆ.

ಅವರು ಟಿವಿಎಸ್ಸಿನ ಮೇಲಿಂದ ಯಾವ ಕವಲಿಗೆ ಕೈ ತೋರಿಸುತ್ತಾರೋ ನನಗೆ ಗೊತ್ತಿಲ್ಲ. ಚನ್ನಪಟ್ಟಣದ ಕಡೆ ತಿರುಗಿದರೆ ನಮ್ಮ ಬೀದಿಗೆ ಬರಬಹುದು. ಆ ಕೋಣೆ ಇದ್ದ ಜಾಗದಲ್ಲಿ ಈಗ ನನ್ನ ತಮ್ಮ ಉಜೈರ್ ಬೊಂಬೆಯ ಪೆಟ್ಟಿಗೆಗಳನ್ನು ಪೇರಿಸಿದ್ದಾನೆ. ಸೋಮವಾರ ಅವನ್ನು ಒಂದು ಬದಿಗೆ ಸರಿಸಿಡು ಎಂದಿದ್ದೇನೆ. ಯಾಕೆ ಎಂದ. ಹೇಳಲಿಲ್ಲ. ಅವರು ಬರದೆಯೂ ಇರಬಹುದು. ಆ ದೊಡ್ಡಕ್ಷರವನ್ನು ಇಷ್ಟು ದಿನ ನಾನು ಹಿಡಿದುಕೊಂಡಿದ್ದು ನನ್ನ ಅಮ್ಮನಿಗಾಗಿ. ಕಾವೇರಮ್ಮನ ಪುಸ್ತಕದಲ್ಲಿ ಅದಕ್ಕೆ ಜಾಗ ಇದೆಯೇ ಎಂದು ಅವರನ್ನು ಕೇಳಿರಲಿಲ್ಲ.

ಪುಟದ ವಿಷಯ. ಮೂರನೇ ಸಾಲಿನ ಹೊಸ ಅನುವಾದ ಜೊತೆಗಿದೆ. ಮೊದಲ ಸಾಲಿಗೆ ಹೀಗೆ ಮಾಡುವುದೆಂದು ನಿರ್ಧರಿಸಿದ್ದೇನೆ: ಅವರು ಹಿಂತಿರುಗಿದ ಮಾರನೇ ದಿನ ಅಕ್ಕೂರಿಗೆ ಹೋಗುತ್ತೇನೆ. ಆ ಸಾಲನ್ನು ಎರಡು ಚೀಟಿಯಲ್ಲಿ ಬರೆದು, ಒಂದರಲ್ಲಿ ದೊಡ್ಡ ‘ಜಿ’, ಒಂದರಲ್ಲಿ ಚಿಕ್ಕದು, ಅವರ ಮಣೆಯ ಮುಂದೆ ಇಡುತ್ತೇನೆ. ಯಾವುದು ಏನೆಂದು ಓದಿ ಹೇಳುತ್ತೇನೆ, ಅಷ್ಟೇ. ಪ್ರಶ್ನೆ ಕೇಳುವುದಿಲ್ಲ. ಅವರು ಬೆರಳಿಟ್ಟದ್ದನ್ನು ನಿಮಗೆ ಕಳುಹಿಸುತ್ತೇನೆ. ಎರಡನ್ನೂ ಬದಿಗೆ ಸರಿಸಿದರೆ ಆ ಸಾಲು ಪುಸ್ತಕದಲ್ಲಿರುವುದಿಲ್ಲ, ಪುಟದಲ್ಲಿ ಅಷ್ಟು ಜಾಗ ಖಾಲಿ ಬಿಡಿ.

ಕಾಗದ ಕತ್ತರಿಸಿ ಇಟ್ಟಿದ್ದೇನೆ. ಇನ್ನೂ ಬರೆದಿಲ್ಲ.

ನಿಮ್ಮ
ಕೆಹಕಶಾನ್